ಕಾಶವ್ವ ಹಾಕಿದ ತೂಕ

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಲೆಕ್ಕಕ್ಕೆ ಕುಳಿತೆ. ಹತ್ತು ಗಂಟೆಯ ಹೊತ್ತಿಗೆ ನೂರ ಐವತ್ತೆರಡು ಕಿಲೋ ಆಮ್ಲಜನಕ ಕಾಣೆಯಾಗಿದೆ ಎಂಬುದು ಗೊತ್ತಾಯಿತು.

ಕಾಣೆಯಾಗಿದೆ ಎಂದು ಬರೆಯಲು ಕೈ ಏಳಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ದ್ರವ್ಯ ಹುಟ್ಟುವುದಿಲ್ಲ, ಅಳಿಯುವುದಿಲ್ಲ, ಒಂದು ರೂಪ ಬಿಟ್ಟು ಇನ್ನೊಂದು ರೂಪ ತಾಳುತ್ತದೆ ಅಷ್ಟೆ ಎಂದು ಎಷ್ಟು ಸಾವಿರ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆನೋ. ನಾವು ಒಂಬತ್ತು ಜನ ಬದುಕುತ್ತಿದ್ದುದೇ ಆ ಒಂದು ಮಾತಿನ ಮೇಲೆ.

ಮಲಪ್ರಭೆಯಿಂದ ಎರಡು ಹರದಾರಿ ದೂರದ ಒಂದು ಹಳೆಯ ಕಲ್ಲುಗಣಿಯಲ್ಲಿ ಆ ಮನೆಯನ್ನು ಕಟ್ಟಿದ್ದರು. ಅದಕ್ಕೆ ಸಂಪುಟ ಎಂದು ಹೆಸರು. ಚಂದ್ರನ ಮೇಲೆ ಊರು ಹೂಡುವ ಮೊದಲು, ಹೊರಗಿನಿಂದ ಒಂದು ಗುಟುಕು ಗಾಳಿಯಿಲ್ಲದೆ, ಒಂದು ಹಿಡಿ ಕಾಳಿಲ್ಲದೆ ಸಾಮಾನ್ಯ ಜನ ಎರಡು ವರ್ಷ ಬಾಳಬಲ್ಲರೇ ಎಂದು ನೋಡುವುದು ಸಂಸ್ಥೆಯ ಉದ್ದೇಶವಾಗಿತ್ತು. ಗಾಜಿನ ಮಾಡಿನ ಕೆಳಗೆ ಅಟ್ಟ ಅಟ್ಟವಾಗಿ ಜೋಳ, ರಾಜಗಿರಿ, ಮಡಿಕೆ ಕಾಳು. ನಾವು ಬಿಟ್ಟ ಉಸಿರನ್ನು ಎಲೆ ಕುಡಿಯಬೇಕು; ಎಲೆ ಬಿಟ್ಟದ್ದನ್ನು ನಾವು ಕುಡಿಯಬೇಕು. ಉಂಡ ರೊಟ್ಟಿ ಬೆವರಾಗಿ, ಉಸಿರಾಗಿ, ಗೊಬ್ಬರವಾಗಿ ಮತ್ತೆ ತೆನೆಗೆ ಹೋಗಬೇಕು. ಯಾವುದು ಎಷ್ಟು ಎಲ್ಲಿಂದ ಎಲ್ಲಿಗೆ ಹೋಯಿತೆಂದು ವಾರಕ್ಕೊಮ್ಮೆ ಸರಿತೂಗಿಸಿ ಬರೆಯುವುದು ನನ್ನ ಕೆಲಸ. ದೇವರ ಮುಂದಿನ ದೀಪಕ್ಕೆ ದಿನಕ್ಕೆ ಆರು ಗ್ರಾಂ ಎಣ್ಣೆ. ಅದನ್ನೂ ನಾನು ಬಿಡುತ್ತಿರಲಿಲ್ಲ.

ಗೋಡೆಯನ್ನು ಮಾತ್ರ ಬಿಟ್ಟಿದ್ದೆ.

ಒಳಗೋಡೆಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುವುದೆಂದು ಸಂಸ್ಥೆಯವರು ಮೊದಲು ಗೊತ್ತು ಮಾಡಿದ್ದರು. ಪ್ಲಾಸ್ಟಿಕ್ಕಿನ ನಡುವೆ ಕುಳಿತು ಲಿಂಗಪೂಜೆ ಮಾಡಲಾರೆ, ನಮ್ಮ ಜನಕ್ಕೆ ತಂಪು ಕೊಡುವುದು ಸುಣ್ಣದ ಗಾರೆ ಎಂದು ಹಟ ಹಿಡಿದು ಒಪ್ಪಿಸಿದವನು ನಾನು. ಒಂದು ಟನ್ನಿಗೂ ಮೀರಿ ಸುಣ್ಣ ಕಲಸಿ ಎರಡು ಬೆರಳು ದಪ್ಪ ಗಾರೆ ಹಿಡಿಸಿದರು. ಕೆಲಸ ಮುಗಿದದ್ದು ಬಸವ ಜಯಂತಿಗೆ ಎಂಟು ದಿನ ಮುಂಚೆ. ಬಸವ ಜಯಂತಿಯ ದಿನವೇ ಅಕ್ಷಯ ತದಿಗೆ. ಅಂದೇ ಬಾಗಿಲು ಮುಚ್ಚಬೇಕೆಂದು ದಿನ ಗೊತ್ತು ಮಾಡಿದವನೂ ನಾನೇ. ಶರಣರ ಮನೆತನದವರು ಮುಹೂರ್ತ ನೋಡಬಾರದು, ಎಲ್ಲ ದಿನವೂ ಶಿವನದೇ ಎಂದು ನಮ್ಮ ತಂದೆ ಹೇಳುತ್ತಿದ್ದರು. ನಾನು ನೋಡಿದೆ.

ಆಗ ಒಬ್ಬಳು ಬೇಡವೆಂದಳು. ಬೆಳೆ ನೋಡಿಕೊಳ್ಳಲು ನನ್ನ ಮಾತಿನ ಮೇಲೆ ಸೇರಿಸಿಕೊಂಡ ಕಾಶವ್ವ ಸುಣಗಾರ. ಒಂಬತ್ತನೆಯ ಇಯತ್ತೆಯವರೆಗೆ ನನ್ನ ಕೈಯಲ್ಲಿ ಕಲಿತು, ತಂದೆ ತೀರಿಕೊಂಡ ಮೇಲೆ ಶಾಲೆ ಬಿಟ್ಟವಳು. ಈಗ ನಲವತ್ತಾರು ವರ್ಷ. ಹೊಲದ ಕೆಲಸದಲ್ಲಿ ಅವಳಷ್ಟು ಕೈಚಳಕ ಯಾರಿಗೂ ಇರಲಿಲ್ಲ. ಅವಳ ಮನೆತನದವರು ತಲೆತಲಾಂತರದಿಂದ ಕಲ್ಲು ಸುಟ್ಟು ಸುಣ್ಣ ಮಾಡಿದವರು.

"ಸರ್ರ, ಗಾರಿ ಇನ್ನಾ ಹಸೀದೈತ್ರಿ," ಎಂದಳು.

"ಒಳಗ ಬಿಸಲ ಬೀಳತೈತಿ, ಒಣಗತೈತಿ ಬಿಡವಾ."

"ಒಣಗೂದ ಬ್ಯಾರೆ, ಗಟ್ಟಿ ಆಗೂದ ಬ್ಯಾರೆ ಸರ್ರ. ಕಲ್ಲ ಬೆಂಕ್ಯಾಗ ಬಿಟ್ಟ ಉಸರನ್ನ ಗೋಡಿ ಮ್ಯಾಲ ಕುಂತ ತಿರಗಿ ತಗೋತೈತಿ ಅಂತಿದ್ದ ನಮ್ಮಪ್ಪ. ಹೊಸಾ ಗಾರಿ ಮನೀದು ಮೂರ ತಿಂಗಳ ಬಾಗಲಾ ತೆಗದ ಇಡತಿದ್ರು ಹಿರ್ಯಾರು. ಮಳಿಗಾಲ ಒಂದ ಕಳೀಲ್ರಿ."

ಅಡುಗೆಯ ಭರಮಣ್ಣ ಪಕ್ಕದಲ್ಲೇ ಪಾತ್ರೆ ಹೊಂದಿಸುತ್ತಿದ್ದ. "ಗೋಡಿನೂ ಉಸರಾಡತೈತಿ ಅಂದ್ರ ದಿನಾ ಅದಕ್ಕೂ ಎರಡ ರೊಟ್ಟಿ ಬಡೀಲೇನ ಅಕ್ಕಾ?" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. "ಅಕ್ಷಯ ತದಿಗಿ ವರ್ಷಕ್ಕೊಮ್ಮೆ ಬರತೈತಿ ಕಾಶವ್ವಾ," ಎಂದೆ. ಅವಳೂ ನಗಾಡಿಕೊಂಡು ಒಳಗೆ ಬಂದಳು. ಬಾಗಿಲು ಮುಚ್ಚಿತು.

ಇದು ವೈಶಾಖದ ಮಾತು. ಆ ಮೇಲಿನ ಮೂರು ತಿಂಗಳು ಆಮ್ಲಜನಕ ಅರ್ಧ ಅರ್ಧ ಅಂಕಿಯಂತೆ ಇಳಿಯುತ್ತ ಬಂದಾಗ, ಹೊಸ ಮನೆ, ಹೊಸ ಮಣ್ಣು, ತಾನಾಗಿ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಸಹಜ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದರಷ್ಟು ಇರುತ್ತದೆ. ಆ ಸೋಮವಾರ ನಮ್ಮಲ್ಲಿ ಹದಿನೇಳು ಇತ್ತು.

ಹೊರಗಿನ ನಿಯಂತ್ರಣ ಕೊಠಡಿಗೆ ತಬಸ್ಸುಮ್ ನದಾಫ್ ಎಂಬ ಇಂಜಿನಿಯರ್ ಹೆಣ್ಣುಮಗಳು ಮುಖ್ಯಸ್ಥೆ. ಗಣಿಯ ದಂಡೆಯ ಮೇಲೆ ಅವಳ ಕೊಠಡಿ. ನಮಗೂ ಅವಳಿಗೂ ನಡುವೆ ಒಂದು ತೆರೆ, ಒಂದು ಫೋನು. ನನ್ನ ಅಂಕಿಗಳನ್ನು ಎರಡು ಸಲ ಓದಿ ಅವಳು ಕೇಳಿದಳು.

"ಸಾರಜನಕ ಇದ್ದಷ್ಟ ಐತಿ ಸರ್. ಅಂದ್ರ ಸೋರಿಕಿ ಇಲ್ಲ."

"ಇಲ್ಲವಾ."

"ಮತ್ತ ಆಮ್ಲಜನಕ ಒಂದ ಎಲ್ಲಿ ಹೋತ್ರಿ?"

ನಾನು ಅಂಕಿಗಳನ್ನು ಮತ್ತೊಮ್ಮೆ ಕೂಡಿಸತೊಡಗಿದೆ. ಅವಳೇ ಮುಂದುವರಿಸಿದಳು.

"ಹದಿನೈದ ದಿನಾ ತಗೋರಿ. ಕಾರಣ ಹುಡಕಿ ಬರದ ಕೊಡ್ರಿ. ಕಾರಣ ಗೊತ್ತಾದ್ರ ಪ್ರಯೋಗ ಮುಂದ ನಡೀತದ. ಇಲ್ಲಂದ್ರ ಬಾಗಲಾ ತೆಗದ ಬಿಡೂಣು. ಅದರಾಗ ನಾಚಿಕಿ ಏನೈತ್ರಿ ಸರ್?"

ಆ ಮಗುವಿಗೆ ಅದು ನಾಚಿಕೆಯಾಗಿ ಕಾಣಲಿಲ್ಲ. ನನಗೆ ಕಂಡಿತು. ಊರಿನ ಮಠದಲ್ಲಿ ಶಾಲು ಹೊದಿಸಿ ಕಳುಹಿಸಿಕೊಟ್ಟಿದ್ದರು. ನೂರು ದಿನಕ್ಕೇ ಹಂಗರಗಿ ಮಾಸ್ತರರ ತಕ್ಕಡಿ ತಪ್ಪಿತು ಎಂದು ಜನ ಆಡಿಕೊಳ್ಳುವುದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು.

ಆ ಹದಿನೈದು ದಿನ ಅಡುಗೆ ಮನೆಯ ಸದ್ದೇ ಬದಲಾಯಿತು. ಭರಮಣ್ಣ ಎರಡು ರೊಟ್ಟಿ ಬಡಿದರೆ ಕೈ ಊರಿ ಒಂದು ಗಳಿಗೆ ನಿಲ್ಲುತ್ತಿದ್ದ. ಕೆಲಸ ಮಾಡುತ್ತ ಹಾಡುತ್ತಿದ್ದವರು ಹಾಡು ಬಿಟ್ಟರು. ಒಂದು ನುಡಿ ಮುಗಿಯುವುದರೊಳಗೆ ದಮ್ಮು ಹತ್ತುತ್ತಿತ್ತು. ವೈದ್ಯೆ ಪ್ರಫುಲ್ಲಾ ಗಲಗಲಿಯವರು ಊಟಕ್ಕೆ ಕುಳಿತಾಗಲೇ ಒಬ್ಬೊಬ್ಬರ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡುತ್ತಿದ್ದರು.

"ಕಾಶವ್ವಾ, ನಿನಗ ಮೊದಲ ರಕ್ತ ಕಡಿಮಿ. ಇನ್ನ ಮ್ಯಾಲ ಏಣಿ ಹತ್ತಬ್ಯಾಡ," ಎಂದರು.

"ನಾ ಹತ್ತಲಿಲ್ಲಂದ್ರ ರಾಜಗಿರಿ ತಾನ ಇಳದ ಬರತೈತೇನ್ರಿ ಡಾಕ್ಟರಬಾಯಿ?"

"ಭರಮಣ್ಣನ್ನ ಹತ್ತಸು."

"ಅವನ್ನ ಹತ್ತಸಿದ್ರ ಏಣೀನೂ ಕೆಳಗ, ರಾಜಗಿರೀನೂ ಕೆಳಗ."

ಭರಮಣ್ಣ ನಕ್ಕು ಕೆಮ್ಮಿದ. ಕಾಶವ್ವ ತನ್ನ ತಟ್ಟೆಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು. "ನೀವು ರಾತ್ರಿ ಹಗಲಿ ಲೆಕ್ಕಾ ಮಾಡತೀರಿ, ತಿನ್ರಿ ಸರ್ರ," ಎಂದಳು. ನಾನು ಅದನ್ನು ತಿಂದೆ. ತಿನ್ನುತ್ತಿರುವಾಗ ನನ್ನ ತಲೆಯಲ್ಲಿ ಅವಳ ತೂಕದ ಪುಸ್ತಕ ಓಡುತ್ತಿತ್ತು.

ಏಕೆಂದರೆ ಅಷ್ಟರಲ್ಲಿ ನನಗೊಂದು ಕಾರಣ ಸಿಕ್ಕಿತ್ತು. ಗಾಳಿಯನ್ನು ಅಳೆಯುವುದು ಯಂತ್ರ. ಫಸಲನ್ನು ತೂಗುವವಳು ಕಾಶವ್ವ, ಒಬ್ಬಳೇ. ಒಂದು ಕಿಲೋ ಕಾಳು ಬೆಳೆಯಿತೆಂದರೆ ಇಂತಿಷ್ಟು ಆಮ್ಲಜನಕ ಗಾಳಿಗೆ ಬಂದಿರಲೇಬೇಕು. ಅವಳು ಬರೆದಷ್ಟು ಬೆಳೆ ನಿಜವಾಗಿ ಬೆಳೆದಿದ್ದರೆ ಗಾಳಿಯಲ್ಲಿ ಅಷ್ಟು ಆಮ್ಲಜನಕ ಇರಬೇಕಿತ್ತು. ಇಲ್ಲ. ಗಾಳಿ ಸುಳ್ಳು ಹೇಳಲಾರದು. ಆದ್ದರಿಂದ ತೂಕ ಸುಳ್ಳು.

ಈ ತರ್ಕಕ್ಕೆ ಎದುರಾಗಿ ಒಂದು ಅಂಕಿ ನನ್ನ ಕಾಗದದ ಮೂಲೆಯಲ್ಲಿಯೇ ಇತ್ತು. ಬೆಳೆ ನಿಜವಾಗಿ ಕಡಿಮೆಯಾಗಿದ್ದರೆ, ನಾವು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಕುಡಿಯುವವರಿಲ್ಲದೆ ಗಾಳಿಯಲ್ಲಿ ಏರಬೇಕಿತ್ತು. ಅದು ಏರಿರಲಿಲ್ಲ. ಆಮ್ಲಜನಕದ ಜೊತೆಗೆ ಅದೂ ಎಲ್ಲಿಗೋ ಹೋಗುತ್ತಿತ್ತು. ಆ ಅಂಕಿಯನ್ನು ನಾನು ನೋಡಿದೆ. ನೋಡಿ ಕಾಗದ ಮಡಚಿದೆ. ನೋಡಲಿಲ್ಲ ಎಂದು ಇಂದು ಹೇಳಿದರೆ ಅದೂ ಒಂದು ಸುಳ್ಳಾಗುತ್ತದೆ.

ಸಮೀಕರಣ ಸರಿತೂಗಿಸುವುದನ್ನು ಕಲಿಸುವಾಗ ಪ್ರತಿ ವರ್ಷ ಒಂದು ತಪ್ಪನ್ನು ತಿದ್ದುತ್ತಿದ್ದೆ. ಜಲಜನಕ, ಆಮ್ಲಜನಕ ಸೇರಿ ನೀರು. ಎಡಗಡೆ ಆಮ್ಲಜನಕದ ಕಣ ಎರಡು, ಬಲಗಡೆ ಒಂದು. ಮಕ್ಕಳು ಅವಸರದಲ್ಲಿ ನೀರಿನ ಸೂತ್ರದಲ್ಲಿಯೇ ಕೆಳಗೊಂದು ಎರಡು ಬರೆದುಬಿಡುತ್ತಿದ್ದರು. ಲೆಕ್ಕ ಕೂಡುತ್ತಿತ್ತು. ಆದರೆ ಅದು ನೀರಾಗಿ ಉಳಿಯುತ್ತಿರಲಿಲ್ಲ, ಕುಡಿದರೆ ಕರುಳು ಸುಡುವ ಬೇರೊಂದು ದ್ರವವಾಗುತ್ತಿತ್ತು. ಅಂಥವರ ಕೈ ಮೇಲೆ ಪಟ್ಟಿಯಿಂದ ಹೊಡೆದು ಹೇಳುತ್ತಿದ್ದೆ: "ಮುಂದಿನ ಅಂಕಿ ಎಷ್ಟು ಅಂತ ಹೇಳತೈತಿ, ಕೆಳಗಿನ ಅಂಕಿ ಯಾವುದು ಅಂತ ಹೇಳತೈತಿ. ಎಷ್ಟು ಅನ್ನೂದನ್ನ ಬದಲ ಮಾಡ್ರಿ. ಯಾವುದು ಅನ್ನೂದನ್ನ ಮುಟ್ಟಬ್ಯಾಡ್ರಿ."

ಹದಿನೈದನೆಯ ದಿನ ವರದಿ ಬರೆಯುವಾಗ ನಾನು ಕಾಶವ್ವ ಎಂಥವಳೆಂಬ ಕೆಳಗಿನ ಅಂಕಿಯನ್ನೇ ಮುಟ್ಟಿದೆ. ಬೆಳೆ ವಿಭಾಗದ ತೂಕಗಳು ವಾಸ್ತವಕ್ಕಿಂತ ಹೆಚ್ಚಾಗಿ ದಾಖಲಾಗಿವೆ, ಅವುಗಳನ್ನು ನಂಬುವಂತಿಲ್ಲ, ಬೇಸಾಯ ಸರಿಪಡಿಸಿದರೆ ಆಮ್ಲಜನಕ ತಾನಾಗಿ ಮೇಲೇರುವುದು, ಹೊರಗಿನಿಂದ ತುಂಬುವ ಅಥವಾ ಬಾಗಿಲು ತೆಗೆಯುವ ಅಗತ್ಯವಿಲ್ಲ ಎಂದು ಬರೆದೆ. ಲೆಕ್ಕ ಕೂಡಿತು. ಸಹಿ ಮಾಡಿ ಕಳುಹಿಸಿದೆ.

ತಬಸ್ಸುಮ್ ಫೋನು ಮಾಡಿದಳು. "ಕಾಶವ್ವಾರ ಬಗ್ಗೆ ನೀವು ಖಾತ್ರಿ ಅದೀರೇನು ಸರ್?" ಎಂದಳು.

"ಅಕಿ ನನ್ನ ಶಿಷ್ಯಾಳು. ನನಗ ಗೊತ್ತು," ಎಂದೆ.

ಇನ್ನು ಮುಂದೆ ಫಸಲಿನ ತೂಕ ಇಬ್ಬರ ಸಮಕ್ಷಮದಲ್ಲಿ ನಡೆಯಬೇಕೆಂದು ಮಾರನೆಯ ದಿನ ಆದೇಶ ಬಂತು. ಏಕೆಂದು ಕಾಶವ್ವ ತಾನೇ ಫೋನು ಹಿಡಿದು ಕೇಳಿದಳು. ತಬಸ್ಸುಮ್ ಮುಚ್ಚಿಡುವ ಸ್ವಭಾವದವಳಲ್ಲ. ನಾನು ಸಂಜೆಯ ಪೂಜೆಗೆಂದು ಪ್ರಾರ್ಥನೆಯ ಕೋಣೆಗೆ ಹೋದಾಗ ಕಾಶವ್ವ ಹೊಸ್ತಿಲ ಹೊರಗೆ ನಿಂತಿದ್ದಳು.

"ನಾ ಸುಳ್ಳ ತೂಕ ಹಾಕೀನಂತ ಬರದೀರೇನ್ರಿ ಸರ್ರ?"

"ತಪ್ಪು ಅಂತ ಬರದೀನಿ. ಸುಳ್ಳು ಅಂತಲ್ಲ."

"ತಪ್ಪು ಒಂದ ದಿನಾ ಆಗತೈತ್ರಿ. ದಿನಾಲೂ ಆಗೂದಕ್ಕ ಏನಂತಾರ?"

ನಾನು ಪೂಜೆಯ ಬಟ್ಟಲನ್ನು ಒರೆಸುತ್ತ ಕುಳಿತೆ. ಅವಳ ಮುಖ ನೋಡದಿರಲು ಒಂದು ಕೆಲಸ ಬೇಕಾಗಿತ್ತು.

"ನಮ್ಮವ್ವ ಸಂತ್ಯಾಗ ಸುಣ್ಣಾ ಅಳದ ಕೊಡತಿದ್ದಳ್ರಿ. ಹುಡುಗಿ ಇದ್ದಾಗ ನಾ ಒಮ್ಮಿ ಸೇರ ತುಂಬಸದ ಅಳದಿದ್ದೆ. ನಾನ ಬುಟ್ಟಿ ಹೊತಗೊಂಡ ಆ ಮನಿ ಹುಡಕಿ ಹೋಗಿ ಕಡಿಮಿ ಬಿದ್ದದ್ದ ಕೊಟ್ಟ ಬರೂತನಕ ನನಗ ಉಣಾಕ ನೀಡಲಿಲ್ಲ. ನೀವು ಬ್ಯಾರೆ ಏನರ ಅನ್ರಿ. ಇದ ಮಾತ ಅನಬ್ಯಾಡ್ರಿ."

"ಗಾಳೀ ಲೆಕ್ಕ ಹಂಗ ಹೇಳತೈತಿ ಕಾಶವ್ವಾ. ನಾ ಏನ ಮಾಡ್ಲಿ?"

"ಹಂಗಾರ ನಾಳೆ ಎಲ್ಲಾರ ಮುಂದ ತೂಗೂಣ್ರಿ. ಕಣಜದಾಗ ಇದ್ದದ್ದು, ಭರಮಣ್ಣ ಅಡಗಿಗೆ ಒಯ್ದದ್ದು ಎರಡೂ ಕೂಡಿ ನಾ ಬರದಷ್ಟ ಬರಲಿಲ್ಲಂದ್ರ ನೀವು ಹೇಳಿದ್ದ ಖರೆ."

ಮಾರನೆಯ ದಿನ ಭಾದ್ರಪದದ ಆರಂಭ. ಬೆಳಿಗ್ಗೆ ಎಂಟಕ್ಕೆ ಆಮ್ಲಜನಕ ಹದಿನಾಲ್ಕು ದಶಾಂಶ ಮೂರು ಇತ್ತು. ಎತ್ತರದ ಹಿಮಪರ್ವತದ ಮೇಲೆ ನಿಂತಂತೆ ಎಂದು ವೈದ್ಯೆ ಹೇಳಿದರು. ಕಣಜದಿಂದ ತಕ್ಕಡಿಯವರೆಗೆ ಮೂವತ್ತು ಹೆಜ್ಜೆ. ಇಪ್ಪತ್ತು ಕಿಲೋದ ಮೂವತ್ತೊಂದು ಚೀಲ. ಕಾಶವ್ವ ಸೆರಗು ಬಿಗಿದು ಮೊದಲ ಚೀಲವನ್ನು ಹೆಗಲಿಗೇರಿಸಿದಳು. ಭರಮಣ್ಣ ಕೈ ಕೊಡಲು ಹೋದ.

"ಮುಟ್ಟಬ್ಯಾಡ. ಯಾರೂ ಮುಟ್ಟಬ್ಯಾಡ್ರಿ. ನಾಳೆ ಎಲ್ಲಾರೂ ಕೈ ಕೂಡಸಿದ್ರಂತ ಮತ್ತೊಂದ ಮಾತ ಬರತೈತಿ."

"ಏ ಅಕ್ಕಾ, ಹುಚ್ಚಿದ್ದೀಯೇನ? ದಮ್ಮ ಹತ್ತೈತಿ ನೋಡ ನಿನಗ."

"ಹತ್ತಲಿ."

"ಕಾಶವ್ವಾ, ಅರ್ಧಾ ಇವತ್ತ, ಅರ್ಧಾ ನಾಳೆ," ಎಂದರು ವೈದ್ಯೆ.

"ಇವತ್ತೊಂದಿನಾ ಸುಮ್ನಿರ್ರಿ ಬಾಯಾರ."

ನಾನು ಪುಸ್ತಕ ಹಿಡಿದು ತಕ್ಕಡಿಯ ಪಕ್ಕದಲ್ಲಿ ಕುಳಿತಿದ್ದೆ. ಚೀಲ ಬಂತು, ಅಂಕಿ ಬಂತು, ಬರೆದೆ. ಅವಳ ಪುಸ್ತಕದಲ್ಲಿದ್ದ ಅಂಕಿಯೂ ಅದೇ. ಎರಡನೆಯದು ಅದೇ. ಐದನೆಯದು ಅದೇ. ಹತ್ತನೆಯ ಚೀಲದ ಹೊತ್ತಿಗೆ ಅವಳ ತುಟಿ ನೀಲಿಗಟ್ಟಿತ್ತು, ಗೋಡೆ ಹಿಡಿದುಕೊಂಡು ನಿಂತು ಮತ್ತೆ ಹೋಗುತ್ತಿದ್ದಳು. ಹದಿನೇಳನೆಯ ಚೀಲಕ್ಕೆ ನನಗೆ ಎಲ್ಲವೂ ತಿಳಿದುಹೋಯಿತು. ಅವಳ ತೂಕದಲ್ಲಿ ಲೋಪವಿರಲಿಲ್ಲ. ತಪ್ಪು ಬೇರೆಲ್ಲೋ ಇದೆ, ಎಲ್ಲಿದ್ದರೂ ಅವಳದಲ್ಲ.

ಆಗ ನಾನು ಸಾಕು ಎನ್ನಬೇಕಾಗಿತ್ತು. ಎರಡಕ್ಷರ. "ಸಾಕು ಕಾಶವ್ವಾ, ತಪ್ಪು ನನ್ನದು" ಎಂದಿದ್ದರೆ ಅವಳು ಚೀಲ ಇಳಿಸುತ್ತಿದ್ದಳು. ಎಂಟು ಜನರ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ. ಎಲ್ಲ ಮುಗಿಯಲಿ, ಆಮೇಲೆ ಒಬ್ಬಳನ್ನೇ ಕರೆದು ಹೇಳೋಣ ಎಂದುಕೊಂಡೆ. ಹದಿನೆಂಟನೆಯ ಚೀಲ ಬಂತು. ಬರೆದುಕೊಂಡೆ.

ಮೂವತ್ತೊಂದನೆಯ ಚೀಲ ಇಳಿಸಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಭರಮಣ್ಣ ತನ್ನ ಅಡುಗೆಯ ಪಟ್ಟಿಯನ್ನು ಓದಿದ. ಎರಡನ್ನೂ ಕೂಡಿಸಿದೆ. ಅವಳು ಬರೆದದ್ದಕ್ಕೂ ನಾವು ತೂಗಿದ್ದಕ್ಕೂ ನಾನೂರು ಗ್ರಾಂ ವ್ಯತ್ಯಾಸ. ಅದು ಕಾಳು ಆರಿದ ತೇವ.

"ಎಷ್ಟ ಬಂತ್ರಿ?" ಎಂದಳು.

"ನೀ ಬರದಷ್ಟ ಬಂತು."

"ಎಲ್ಲಾರಿಗೂ ಕೇಳುವಂಗ ಅನ್ರಿ ಸರ್ರ."

ಅಂದೆ. ಧ್ವನಿ ಏರಲಿಲ್ಲ, ಆದರೂ ಅಂದೆ. ಅವಳು ತಲೆಯಾಡಿಸಿ ಕೊನೆಯ ಚೀಲದ ಮೇಲೆಯೇ ಕುಳಿತಳು. ಕುಳಿತವಳು ಪಕ್ಕಕ್ಕೆ ವಾಲಿದಳು. ವೈದ್ಯೆ ಓಡಿ ಬಂದು ಎದೆ ಒತ್ತಿದರು, ಇದ್ದ ಒಂದು ಸಣ್ಣ ಸಿಲಿಂಡರಿನ ಆಮ್ಲಜನಕವನ್ನು ಮೂಗಿಗೆ ಹಿಡಿದರು. ತಬಸ್ಸುಮ್ ತೆರೆಯ ಮೇಲೆ ನೋಡುತ್ತಿದ್ದವಳು ಯಾರನ್ನೂ ಕೇಳದೆ ಹೊರಬಾಗಿಲು ತೆಗೆಸಿದಳು. ಮೂರು ಕದ, ಮೂರು ಅಗಳಿ; ಹನ್ನೊಂದು ನಿಮಿಷ ಹಿಡಿಯಿತು. ಗಾಳಿ ಸುಯ್ಯನೆ ಒಳಗೆ ನುಗ್ಗಿತು. ನಾವೆಲ್ಲ ಬೇಡವೆಂದರೂ ಅದನ್ನು ಗಟಗಟನೆ ಕುಡಿದೆವು. ಅವಳು ಕುಡಿಯಲಿಲ್ಲ.

ಅವಳ ಊರಿನಿಂದ ಜನ ಬರುವವರೆಗೆ ದೇಹವನ್ನು ಪ್ರಾರ್ಥನೆಯ ಕೋಣೆಯಲ್ಲಿ ಕೂಡಿಸಿದರು. ವೈದ್ಯೆ ಅರಿಶಿನ ಕಲಸಿ ಮುಖಕ್ಕೆ, ಕೈಕಾಲಿಗೆ ಹಚ್ಚಿದರು. ಎದ್ದೇಳುವಾಗ ಗೋಡೆಗೆ ಕೈ ಊರಿದರು. ಗಾರೆಯ ಮೇಲೆ ಐದು ಬೆರಳು ಹಳದಿಯಾಗಿ ಮೂಡಿದವು.

ಹಳದಿಯಾಗಿಯೇ ಉಳಿದವು.

ನಾನು ಅದನ್ನೇ ನೋಡುತ್ತ ಕುಳಿತೆ. ಬಾಗಿಲು ಮುಚ್ಚಿದ ದಿನ ಇದೇ ಗೋಡೆಗೆ ಹೆಂಗಸರು ಅರಿಶಿನದ ಕೈ ಒತ್ತಿದ್ದರು. ಒತ್ತಿದ ಗಳಿಗೆಯಲ್ಲೇ ಅದು ಕೆಂಪಾಗಿ, ಕುಂಕುಮವೇ ಒಲಿದು ಬಂತೆಂದು ಎಲ್ಲರೂ ಕೈಮುಗಿದಿದ್ದೆವು. ಹಸಿ ಸುಣ್ಣ ಅರಿಶಿನವನ್ನು ಕೆಂಪು ಮಾಡುತ್ತದೆ. ಅದು ಓಕುಳಿ ಕಲಸುವ ಮಕ್ಕಳಿಗೂ ಗೊತ್ತು. ಈಗ ಅದು ಅರಿಶಿನವನ್ನು ಮುಟ್ಟಲಿಲ್ಲವೆಂದರೆ ಇಲ್ಲಿ ಸುಣ್ಣವಿಲ್ಲ. ಸುಣ್ಣ ಮತ್ತೆ ಕಲ್ಲಾಗಿದೆ.

ಕೀಲಿಕೈಯಿಂದ ಗಾರೆಯನ್ನು ಕೆರೆದೆ. ಕೆರೆದಲ್ಲೆಲ್ಲ ಬಟ್ಟಲಿನಲ್ಲಿ ಉಳಿದ ಅರಿಶಿನದ ನೀರು ಹಚ್ಚಿದೆ. ಹಳದಿ. ಇನ್ನೂ ಆಳಕ್ಕೆ ಕೆರೆದೆ. ಹಳದಿ. ಒಂದು ಬೆರಳು ದಾಟಿ ಒಳಗೆ ಹೋದಾಗ ರಕ್ತದಂತೆ ಕೆಂಪು ಎದ್ದಿತು. ಅಲ್ಲಿಯವರೆಗಿನ ಸುಣ್ಣವೆಲ್ಲ ನಮ್ಮ ಉಸಿರನ್ನು ಕುಡಿದು ಕಲ್ಲಾಗಿತ್ತು. ಒಂಬತ್ತು ಜನ ಮತ್ತು ಹೊಲದ ಮಣ್ಣು ಆಮ್ಲಜನಕವನ್ನು ಸೇದಿ ಬಿಟ್ಟ ಗಾಳಿಯನ್ನು ಎಲೆಗೆ ಸಿಗುವ ಮುಂಚೆಯೇ ಗೋಡೆ ಎಳೆದುಕೊಳ್ಳುತ್ತಿತ್ತು. ಅದರ ಜೊತೆಗೆ ಅದರೊಳಗಿನ ಆಮ್ಲಜನಕವೂ ಹೋಗುತ್ತಿತ್ತು.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಸುಣ್ಣ ಒಂದು, ಇಂಗಾಲದ ಡೈಆಕ್ಸೈಡ್ ಒಂದು. ಆ ಕಡೆ ಸುಣ್ಣದ ಕಲ್ಲು ಒಂದು, ನೀರು ಒಂದು. ಎಲ್ಲಿಯೂ ಮುಂದೆ ಅಂಕಿ ಹಾಕಬೇಕಾಗಿಯೇ ಇಲ್ಲದ, ತಾನಾಗಿ ತೂಗಿ ನಿಲ್ಲುವ ಸಮೀಕರಣ. ಪ್ರತಿ ಜೂನ್ ತಿಂಗಳಲ್ಲಿ ಸುಣ್ಣದ ತಿಳಿನೀರಿನೊಳಗೆ ಕೊಳವೆಯಿಂದ ಮಕ್ಕಳ ಕೈಯಲ್ಲಿ ಊದಿಸಿ, "ನೋಡ್ರಿ, ನಿಮ್ಮ ಉಸರು ಹಾಲಾತು" ಎಂದು ನಗಿಸುತ್ತಿದ್ದೆ. ಮೂವತ್ತೊಂದು ಸಲ ನಗಿಸಿದ್ದೆ. ಗೋಡೆಯ ಅಗಲ, ಗಾರೆಯ ದಪ್ಪ, ಕೆಂಪು ಬಂದ ಆಳ, ಎಲ್ಲ ಹಿಡಿದು ಗುಣಿಸಿದಾಗ ಇನ್ನೂರ ಐವತ್ತೇಳು ಕಿಲೋ ಆಮ್ಲಜನಕ ಬಂತು. ಆ ಬೆಳಗಿನವರೆಗೆ ಕಾಣೆಯಾದದ್ದು ಸರಿಯಾಗಿ ಅಷ್ಟೇ. ಏನೂ ಕಳೆದಿರಲಿಲ್ಲ. ಎಲ್ಲವೂ ನಮ್ಮ ಸುತ್ತಲೇ, ನಾನು ಬೆನ್ನು ಆನಿಸಿ ಧ್ಯಾನಕ್ಕೆ ಕೂರುತ್ತಿದ್ದ ಗೋಡೆಯಲ್ಲೇ ಇತ್ತು. ಅದನ್ನು ಹೇಳಿದವಳು ಎದುರಿಗೆ ಅರಿಶಿನ ಹಚ್ಚಿಕೊಂಡು ಕುಳಿತಿದ್ದಳು.

ಮಣ್ಣು ಮುಗಿದ ಮೂರನೆಯ ದಿನ ತಬಸ್ಸುಮ್‌ಳ ಕೊಠಡಿಗೆ ಹೋಗಿ ಹೊಸ ವರದಿ ಕೊಟ್ಟೆ. ಅವಳು ಓದಿ ಕಣ್ಣೊರೆಸಿಕೊಂಡಳು.

"ಸರ್, ತಾಂತ್ರಿಕ ಕಾರಣ ಅಂತ ಬರದ್ರೂ ನಡೀತದ. ಗಾರಿ ಒಪ್ಪಿದಾವರು ನಾವೂ ಅದೀವಿ. ನಿಮ್ಮ ಹೆಸರ ಇಷ್ಟ ಹಾಕೋಬೇಕಂತೇನಿಲ್ಲ."

"ಅಕಿ ಹೆಸರ ಹಾಕಿದಾಗ ನಾ ತಾಂತ್ರಿಕ ಅಂತ ಬರೀಲಿಲ್ಲವಾ."

"ಆವತ್ತ ನಾನರ ಇನ್ನೊಮ್ಮಿ ಕೇಳಬೇಕಿತ್ತು," ಎಂದಳು. ನನಗಿಂತ ಮೂವತ್ತು ವರ್ಷ ಚಿಕ್ಕವಳು ನನ್ನ ಭಾರದಲ್ಲಿ ಪಾಲು ಕೇಳುತ್ತಿದ್ದಳು. ಅದನ್ನು ಕೊಡುವ ಹಕ್ಕೂ ನನಗಿರಲಿಲ್ಲ.

ಒಂಬತ್ತನೆಯ ದಿನ ಕಾಶವ್ವನ ತಾಯಿ ಯಮನವ್ವನ ಮನೆಗೆ ಹೋದೆ. ಸುಣಗಾರ ಓಣಿಯ ಕೊನೆಯ ಮನೆ. ಈಗ ಭಟ್ಟಿಗಳಿಲ್ಲ, ಮುರಿದ ಒಂದರಲ್ಲಿ ಆಡು ಕಟ್ಟಿದ್ದರು. ಯಮನವ್ವ ಕಟ್ಟೆಯ ಮೇಲೆ ಕುಳಿತಿದ್ದಳು, ಎಂಬತ್ತರ ಹತ್ತಿರದ ಮುದುಕಿ, ಎರಡೂ ಅಂಗೈಯಲ್ಲಿ ಸುಣ್ಣ ಸುಟ್ಟ ಹಳೆಯ ಕಲೆಗಳು. ನನ್ನನ್ನು ಗುರುತಿಸಿ ಕೌದಿ ಹಾಸಿದಳು. ನಾನು ಕೂಡಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಗಾರೆ, ಮುಹೂರ್ತ, ಸುಳ್ಳು ವರದಿ, ಹದಿನೇಳನೆಯ ಚೀಲ.

ಅವಳು ಆಡಿನ ಕಡೆ ನೋಡುತ್ತ ಕೇಳಿದಳು.

"ಗಾರಿ ಹಸೀದೈತಿ ಅಂತ ಅಂದಿದ್ದಳಾ ಅಕಿ?"

"ಅಂದಿದ್ದಳ ಯವ್ವಾ."

"ನೀವು ಏನಂದ್ರಿ?"

"ನಕ್ಕೆ."

"ಹೂಂ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀವು ಹೇಳಿದ್ದಂದ್ರ ಅಕಿಗೆ ದೇವರ ಹೇಳಿದ್ಹಂಗ ಇತ್ರಿ. ನಮ್ಮ ಮಾಸ್ತರು, ನಮ್ಮ ಮಾಸ್ತರು ಅಂತ."

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಆ ಕಾಗದಾ ಯಾರ ಯಾರ ಓದ್ಯಾರ್ರಿ?"

"ನಿಯಂತ್ರಣ ಕೊಠಡ್ಯಾವರು, ಸಂಸ್ಥೇದಾವರು, ಒಳಗ ಇದ್ದಾವರು. ಪೇಪರದಾಗೂ ಬಂತು, ಬೆಳಿ ತೂಕದಾಗ ಮೋಸ ಅಂತ."

"ಹಂಗಾದ್ರ ಇದನ್ನೂ ಅಷ್ಟ ಮಂದಿ ಮುಂದ ಹೇಳ್ರಿ. ನನ್ನ ಒಬ್ಬಾಕಿ ಮುಂದ ಹೇಳಿ ಹಗರ ಆಗಿ ಹೋಗಬ್ಯಾಡ್ರಿ."

ನೀರು ಕೊಟ್ಟಳು. ಕುಡಿದು ಬಂದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಗೆ ಕೊಟ್ಟಿದ್ದೇನೆ, ಮಠದಲ್ಲಿ ಜನರ ಮುಂದೆ ನಿಂತು ಓದಿದ್ದೇನೆ, ಸುದ್ದಿ ಬರೆದ ಪತ್ರಿಕೆಗೂ ಕಳುಹಿಸುತ್ತಿದ್ದೇನೆ. ಕಾಶವ್ವ ಸುಣಗಾರ ಹಾಕಿದ ತೂಕದಲ್ಲಿ ಒಂದು ಕಾಳಿನ ಮೋಸವಿರಲಿಲ್ಲ. ಸುಳ್ಳು ಬರೆದವನು ನಾನು, ಚನ್ನಮಲ್ಲಪ್ಪ ಹಂಗರಗಿ, ನಿವೃತ್ತ ಶಿಕ್ಷಕ.

ಶಿವನೇ, ನನಗಾಗಿ ನಾನು ಏನನ್ನೂ ಬೇಡುವುದಿಲ್ಲ. ಈ ನಾಚಿಕೆಯನ್ನು ನನ್ನಿಂದ ತೆಗೆಯಬೇಡ, ಸವೆಸಬೇಡ, ಇದ್ದಷ್ಟೂ ದಿನ ಇಷ್ಟೇ ಇರಲಿ. ಆ ತಾಯಿಯ ಮನೆಯಂಗಳಕ್ಕೆ ಮಗಳ ಒಳ್ಳೆಯ ಹೆಸರು ಮರಳಿ ಹೋಗಲಿ. ಮಗಳಂತೆ ತನ್ನ ತಟ್ಟೆಯ ರೊಟ್ಟಿ ಮುರಿದು ನನಗಿತ್ತ ಆ ಜೀವ ಕೊನೆಗಾಲದಲ್ಲಿ ದಮ್ಮು ಸಾಲದೆ ಬಳಲಿತು. ಅವಳು ಏರಬೇಕಾದ ಏಣಿ, ಹೊರಬೇಕಾದ ಚೀಲ ಇನ್ನಿಲ್ಲದಿರಲಿ. ಅವಳನ್ನು ಯಾರೂ ಎರಡನೆಯ ಸಲ ತೂಗದಿರಲಿ. ನಿನ್ನ ಬಯಲಿನಲ್ಲಿ ಕಾಶವ್ವನಿಗೆ ಶಾಂತಿಯಾಗಲಿ.